ಒಬ್ಬನಿಗಾಗಿ ಕಾದಿರುವ ಕುಟೀರ

ನಾರ್ವೆ ದೇಶದವರಿಗೆ ಚಿಕ್ಕಂದಿನಿಂದಲೇ ಪರಿಚಿತವಾಗಿರುವ ಒಂಬತ್ತು ಸೂತ್ರಗಳುಂಟು. ಪರ್ವತಪ್ರದೇಶದಲ್ಲಿ ಸಂಚರಿಸುವವರು ಪಾಲಿಸಬೇಕಾದ ಈ ವಿವೇಕಸೂತ್ರಗಳ ಮೊದಲ ರೂಪ 1952ರಲ್ಲಿ ಸಿದ್ಧವಾಯಿತಾದರೂ ಅವು ಮನೆಮನೆಗೆ ತಲುಪಿದುದು 1967ರ ಈಸ್ಟರ್ ಹಬ್ಬದ ಅನಂತರ. ಆ ಒಂದು ರಜೆಯಲ್ಲಿಯೇ 18 ಮಂದಿ ಪರ್ವತಗಳಲ್ಲಿ ಪ್ರಾಣ ನೀಗಿದಾಗ, ಅಲ್ಲಿಯ ಪ್ರವಾಸಿ ಸಂಘವೂ ರೆಡ್ ಕ್ರಾಸ್ ಸಂಸ್ಥೆಯೂ ಜೊತೆಗೂಡಿ ಅವುಗಳ ಪ್ರಚಾರಕ್ಕೆ ತೊಡಗಿದವು. ಅವುಗಳಲ್ಲಿ ಏಳನೆಯದು ಒಂಟಿಯಾಗಿ ಹೋಗಕೂಡದೆಂದು ಸ್ಪಷ್ಟವಾಗಿ ವಿಧಿಸಿತ್ತು. ಸುಮಾರು ಅರ್ಧ ಶತಮಾನ ಕಾಲ ಊರ್ಜಿತದಲ್ಲಿದ್ದ ಆ ನಿಷೇಧ 2016ರ ಪರಿಷ್ಕರಣದಲ್ಲಿ ಬಿಟ್ಟುಹೋಯಿತು. ಪರ್ವತಗಳೇನೂ ಈ ನಡುವೆ ಸೌಮ್ಯವಾಗಿರಲಿಲ್ಲ. ಚಳಿಗಾಲದ ಬಿರುಗಾಳಿ ಧ್ರುವಯಾತ್ರಿಕ ಅಮುಂಡ್ಸೆನ್ನನ ಕಾಲದಲ್ಲಿ ಬೀಸಿದಂತೆಯೇ ಈಗಲೂ ಬೀಸುತ್ತದೆ. ಪರಿಷ್ಕೃತ ಪಟ್ಟಿಯ ಮೊದಲ ಸೂತ್ರ ಹೇಳುವುದು, ಯಾತ್ರೆಯನ್ನು ಮುಂದಾಗಿ ಯೋಚಿಸಿ, ಎಲ್ಲಿಗೆ ಹೋಗುವಿರೆಂಬುದನ್ನು ಇನ್ನೊಬ್ಬರಿಗೆ ತಿಳಿಸಿ ಹೊರಡಿ ಎಂದು. ಏಕಾಂಗಿಯಾಗಿ ಹಿಮದ ನಡುವಣ ಕುಟೀರವೊಂದಕ್ಕೆ ಹೋಗಿ ಒಂದು ರಾತ್ರಿ ಕಳೆದು ಬರುವ ಸಾಹಸವನ್ನು ಅರಿಯಬೇಕಾದರೆ ಈ ಎರಡು ಸೂತ್ರಗಳನ್ನು ಒಟ್ಟಿಗೆ ಇರಿಸಿಕೊಂಡೇ ನೋಡಬೇಕೆಂದು ನನಗೆ ತೋರುತ್ತದೆ; ಏಕೆಂದರೆ ಆ ಒಂಟಿತನದ ಹಿಂದೆ ಕಣ್ಣಿಗೆ ಬೀಳದ ಎಷ್ಟೋ ಜನರ ದುಡಿಮೆಯೂ ವಿಶ್ವಾಸವೂ ಅಡಗಿವೆ.

ಇಂಥ ಯಾತ್ರೆಗೆ ಹೆಸರಾದ ನೆಲ ದಕ್ಷಿಣ ನಾರ್ವೆಯ ಹಾರ್ಡಂಗರ್‌ವಿಡ್ಡ. ಸಮುದ್ರಮಟ್ಟದಿಂದ ಸರಾಸರಿ 1,100 ಮೀಟರ್ ಎತ್ತರದಲ್ಲಿ, ಮರಗಳು ಬೆಳೆಯಬಲ್ಲ ಗಡಿಯನ್ನು ಬಹುಮಟ್ಟಿಗೆ ಮೀರಿ ಹಬ್ಬಿರುವ ಈ ಪ್ರಸ್ಥಭೂಮಿ ಉತ್ತರ ಯೂರೋಪಿನಲ್ಲಿಯೇ ಅತ್ಯಂತ ವಿಶಾಲವಾದುದು; ಇದರ 3,422 ಚದರ ಕಿಲೋಮೀಟರ್ ಪ್ರದೇಶ 1981ರಿಂದ ರಾಷ್ಟ್ರೀಯ ಉದ್ಯಾನವಾಗಿದೆ. ಯೂರೋಪಿನ ಕಾಡು ಹಿಮಸಾರಂಗಗಳ ಅತಿ ದೊಡ್ಡ ಹಿಂಡು ಮೇಯುವುದು ಇಲ್ಲಿಯೇ. ಇದರ ಉತ್ತರದಂಚಿನಲ್ಲಿ, 1,222 ಮೀಟರ್ ಎತ್ತರದಲ್ಲಿ ಫಿನ್ಸೆ ಎಂಬ ರೈಲುನಿಲ್ದಾಣವುಂಟು. ಓಸ್ಲೊ ಮತ್ತು ಬರ್ಗೆನ್ ನಗರಗಳನ್ನು ಜೋಡಿಸುವ ರೈಲುಮಾರ್ಗ 1909ರಲ್ಲಿ ತೆರೆದಾಗಿನಿಂದ, ಮೋಟಾರು ರಸ್ತೆಯೇ ಇಲ್ಲದ ಈ ಊರಿಗೆ ರೈಲೊಂದೇ ದಾರಿ. ದಕ್ಷಿಣ ಧ್ರುವಖಂಡಕ್ಕೆ ಹೊರಟಿದ್ದ ಶಾಕಲ್ಟನ್ 1914ರಲ್ಲಿ ತನ್ನ ಮೋಟಾರು ಜಾರುಬಂಡಿಗಳನ್ನು ಪರೀಕ್ಷಿಸಿ ನೋಡಲು ಆರಿಸಿಕೊಂಡುದು ಈ ಫಿನ್ಸೆಯನ್ನೇ ಎಂದರೆ, ಇಲ್ಲಿಯ ಚಳಿ ಎಂಥದೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ರೈಲಿನ ಬಾಗಿಲು ತೆರೆದು ಪ್ಲಾಟ್‌ಫಾರಮ್ಮಿಗೆ ಕಾಲಿಟ್ಟವನು ಅಲ್ಲಿಯೇ ಸ್ಕೀ ಕಟ್ಟಿಕೊಂಡು ಹೊರಡುತ್ತಾನೆ. ಹತ್ತು ನಿಮಿಷ ಕಳೆಯುವುದರೊಳಗೆ ಮನುಷ್ಯವಸತಿ ಬೆನ್ನ ಹಿಂದೆ ಉಳಿದಿರುತ್ತದೆ.

ಎತ್ತರದ ಶಿಖರಗಳಿಲ್ಲದ ಈ ಬಯಲು ಅಪಾಯಕಾರಿಯಾಗುವುದು ಹೇಗೆಂದು ಓದುಗರಿಗೆ ಅನ್ನಿಸಬಹುದು. ಅಪಾಯವಿರುವುದು ಆ ಬಯಲುತನದಲ್ಲಿಯೇ. ಮೋಡ ಕೆಳಗಿಳಿದು ಗಾಳಿಯು ನೆಲದ ಹಿಮವನ್ನೆಬ್ಬಿಸಿ ತೂರತೊಡಗಿದರೆ ಆಕಾಶಕ್ಕೂ ನೆಲಕ್ಕೂ ನಡುವಣ ಗೆರೆ ಅಳಿಸಿಹೋಗುತ್ತದೆ. ನೆರಳೆಂಬುದು ಎಲ್ಲಿಯೂ ಇರುವುದಿಲ್ಲ. ತಾನು ಚಲಿಸುತ್ತಿದ್ದೇನೆಯೋ ನಿಂತಿದ್ದೇನೆಯೋ, ಮುಂದಿರುವುದು ಏರೋ ಇಳಿಜಾರೋ ಎಂಬುದು ಸಹ ತಿಳಿಯದಂತಾಗುತ್ತದೆ. ಅನುಭವಸ್ಥರು ಇಂಥ ಹೊತ್ತಿನಲ್ಲಿ ಹಿಮದ ಉಂಡೆಯೊಂದನ್ನು ಕಟ್ಟಿ ಮುಂದಕ್ಕೆ ಎಸೆಯುತ್ತಾರೆ. ಉಂಡೆ ಬಿದ್ದು ನಿಂತದ್ದು ಕಂಡರೆ ಅಲ್ಲಿ ನೆಲವಿದೆ, ಕಾಣದೆ ಮಾಯವಾದರೆ ಅಲ್ಲಿ ಅಂಚಿದೆ ಎಂದು ಲೆಕ್ಕ. ಇದರ ಮೇಲೆ ಗಾಳಿಯ ಶೀತ. ಉಷ್ಣತಾಮಾಪಕ ಸೊನ್ನೆಗಿಂತ 10 ಡಿಗ್ರಿ ಕೆಳಗನ್ನು ತೋರಿಸುತ್ತಿರುವಾಗ ಗಾಳಿ ಗಂಟೆಗೆ 36 ಕಿಲೋಮೀಟರ್ ವೇಗದಲ್ಲಿ ಬೀಸಿದರೆ, ಬಿಚ್ಚಿದ ಚರ್ಮಕ್ಕೆ ತಟ್ಟುವುದು ನಿಶ್ಚಲ ಗಾಳಿಯಲ್ಲಿನ 20 ಡಿಗ್ರಿ ಕೆಳಗಿನ ಚಳಿ. ಡಿಸೆಂಬರಿನ ಕೊನೆಯಲ್ಲಿ ಹಗಲಿರುವುದು ಆರು ಗಂಟೆಗೂ ಕಡಿಮೆ.

ರೋಲ್ಡ್ ಅಮುಂಡ್ಸೆನ್ 1896ರ ಜನವರಿಯಲ್ಲಿ ತನ್ನ ಅಣ್ಣ ಲಿಯೋನನೊಡನೆ ಈ ಪ್ರಸ್ಥಭೂಮಿಯನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಲು ಹೊರಟನು. ಎರಡು ದಿನದ ದಾರಿಯೆಂದು ಎಣಿಸಿದ್ದವರು ಹಿಮಬಿರುಗಾಳಿಗೆ ಸಿಕ್ಕಿ ದಿಕ್ಕು ತಪ್ಪಿದರು; ಆಹಾರದ ಚೀಲ ಹಿಮದಡಿ ಹೂತುಹೋಯಿತು; ಒಂದು ರಾತ್ರಿ ಅಮುಂಡ್ಸೆನ್ ಹಿಮದಲ್ಲಿ ಗವಿಯಂತೆ ತೋಡಿಕೊಂಡು ಅದರೊಳಗೆ ಮಲಗಿದನು. ಮೇಲೆ ಬಿದ್ದ ಹಸಿ ಹಿಮವೆಲ್ಲ ರಾತ್ರಿ ಹೆಪ್ಪುಗಟ್ಟಿ ಗಟ್ಟಿಯಾದ ಮಂಜುಗಡ್ಡೆಯಾಗಿ, ಬೆಳಗ್ಗೆ ಎಚ್ಚೆತ್ತವನು ಕೈ ಕೂಡ ಆಡಿಸಲಾರದೆ ಅದರೊಳಗೆ ಸೆರೆಯಾಗಿದ್ದನು. ಅಣ್ಣ ಗಂಟೆಗಟ್ಟಲೆ ಅಗೆದು ಅವನನ್ನು ಹೊರತೆಗೆದುದರಿಂದ ಆತ ಬದುಕಿದನು. 1911ರ ಡಿಸೆಂಬರ್ 14ರಂದು ದಕ್ಷಿಣ ಧ್ರುವವನ್ನು ಮುಟ್ಟಿದ ಮೊದಲಿಗನೂ ಆದನು. ಒಂಟಿಯಾಗಿದ್ದರೆ ಏನಾಗುತ್ತಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಉತ್ತರ ಬೇಡ. ಆದರೆ ಇದಕ್ಕೆ ಹನ್ನೆರಡು ವರ್ಷ ಮೊದಲು, 1884ರಲ್ಲಿ, ಇನ್ನೂ 22 ವರ್ಷದ ತರುಣನಾಗಿದ್ದ ಫ್ರಿಡ್ಯೋಫ್ ನಾನ್ಸೆನ್ ಬರ್ಗೆನ್‌ನಿಂದ ಹೊರಟು ನಡುಚಳಿಗಾಲದ ಪರ್ವತಗಳನ್ನು ಸ್ಕೀ ಮೇಲೆ ಒಬ್ಬನೇ ದಾಟಿ ರಾಜಧಾನಿಯನ್ನು ಸೇರಿ, ಮತ್ತೆ ಅದೇ ರೀತಿ ಹಿಂದಿರುಗಿದ್ದನು. ಏಕಾಂಗಿ ಯಾತ್ರೆಯ ಭಯವೂ ಆಕರ್ಷಣವೂ ಹೀಗೆ ಆ ನಾಡಿನ ನೆನಪಿನಲ್ಲಿ ಅಕ್ಕಪಕ್ಕದಲ್ಲಿಯೇ ನೆಲೆಸಿವೆ.

ಅಮುಂಡ್ಸೆನ್ನನಿಗೆ ಇರದಿದ್ದ ಒಂದು ಸೌಕರ್ಯ ಇಂದಿನ ಯಾತ್ರಿಕನಿಗಿದೆ. ಅದೇ ಕುಟೀರಗಳ ಜಾಲ. 1868ರಲ್ಲಿ ಸ್ಥಾಪಿತವಾದ ನಾರ್ವೆಯ ಪ್ರವಾಸಿ ಸಂಘ, ಡಿ.ಎನ್.ಟಿ. ಎಂದು ಎಲ್ಲರೂ ಕರೆಯುವ ಸಂಸ್ಥೆ, ಮೂರು ಲಕ್ಷಕ್ಕೂ ಮಿಕ್ಕಿದ ಸದಸ್ಯರನ್ನು ಹೊಂದಿದ್ದು ದೇಶದಾದ್ಯಂತ 550ಕ್ಕೂ ಹೆಚ್ಚು ಕುಟೀರಗಳನ್ನು ನಡೆಸುತ್ತದೆ. ಕೆಲವುಗಳಲ್ಲಿ ಅಡುಗೆಯವರೂ ಮೇಲ್ವಿಚಾರಕರೂ ಇರುತ್ತಾರೆ. ಕೆಲವು ಬರಿಯ ಸೂರು, ಒಲೆ, ಹಾಸಿಗೆಗಳಷ್ಟನ್ನೇ ಕೊಡುತ್ತವೆ. ಇವೆರಡರ ನಡುವಿನದೇ ನಮ್ಮ ವಿಷಯಕ್ಕೆ ಮುಖ್ಯವಾದದ್ದು: ಅಲ್ಲಿ ಒಬ್ಬ ಆಳೂ ಇರುವುದಿಲ್ಲ, ಆದರೆ ಸೌದೆಯಿಂದ ಹಿಡಿದು ದಿನಸಿಯವರೆಗೆ ಎಲ್ಲವೂ ಇರುತ್ತದೆ. ಹಾರ್ಡಂಗರ್‌ವಿಡ್ಡದ ನಡುವಿರುವ ಹೆಲ್ಲೆವಾಸ್‌ಬು, ಲೋಗಾರೋಸ್ ಎಂಬವು ಈ ಬಗೆಯವು. ಇವುಗಳ ಬಾಗಿಲಿಗೆ ಬೀಗವುಂಟು. ಆದರೆ ಸಂಘದ ಒಂದೇ ಮಾದರಿಯ ಕೀಲಿಕೈ ಇಂಥ ಬಹುಪಾಲು ಬಾಗಿಲುಗಳನ್ನು ತೆರೆಯುತ್ತದೆ. ಸದಸ್ಯನಾದವನು ಠೇವಣಿಯಿಟ್ಟು ಆ ಕೀಲಿಕೈಯನ್ನು ಪಡೆಯಬಹುದು. ಸಾವಿರಾರು ಅಪರಿಚಿತರ ಜೇಬಿನಲ್ಲಿ ಒಂದೇ ಕೀಲಿಕೈ ಇರುವ ಮನೆ ಲೋಕದಲ್ಲಿ ಮತ್ತೆಷ್ಟಿದ್ದೀತು! ಈ ವ್ಯವಸ್ಥೆ ಮುರಿದುಬೀಳದೆ ನಡೆದುಕೊಂಡು ಬಂದಿರುವುದನ್ನು ಆ ದೇಶದ ದೊಡ್ಡ ಸಾಧನೆಗಳಲ್ಲಿ ಒಂದೆಂದು ಎಣಿಸಲು ನಾನು ಹಿಂಜರಿಯಲಾರೆ.

ಒಂಟಿಯಾಗಿ ಹೊರಡುವವನ ಸಿದ್ಧತೆ ಗುಂಪಿನಲ್ಲಿ ಹೋಗುವವನ ಸಿದ್ಧತೆಯಂಥದಲ್ಲ. ಹಿಮಕುಸಿತದಲ್ಲಿ ಹೂತವನನ್ನು ಪತ್ತೆಹಚ್ಚಲು ಮೈಮೇಲೆ ಧರಿಸುವ ರೇಡಿಯೋ ಸಂಕೇತಯಂತ್ರವನ್ನೇ ತೆಗೆದುಕೊಳ್ಳಿ: ಅದರ ಸದ್ದನ್ನು ಕೇಳಿ ಅಗೆಯುವ ಸಂಗಾತಿ ಪಕ್ಕದಲ್ಲಿದ್ದರಷ್ಟೇ ಅದರಿಂದ ಪ್ರಾಣ ಉಳಿದೀತು, ಹೂತವನು ಬದುಕುವ ಆಸೆ ಮೊದಲ ಹದಿನೈದು ನಿಮಿಷ ಕಳೆದ ಮೇಲೆ ಬಹು ವೇಗದಿಂದ ಕುಗ್ಗುವುದರಿಂದ, ದೂರದಿಂದ ಬರುವ ರಕ್ಷಣಾತಂಡ ಸಾಮಾನ್ಯವಾಗಿ ತಡವಾಗಿಯೇ ಬರುತ್ತದೆ. ಆದುದರಿಂದ ಏಕಾಂಗಿಯು 30 ಡಿಗ್ರಿಗಿಂತ ಕಡಿದಾದ ಇಳಿಜಾರುಗಳ ಮೇಲೂ ಅವುಗಳ ಬುಡದಲ್ಲಿಯೂ ಸುಳಿಯದಂತೆ ದಾರಿಯನ್ನು ನಕ್ಷೆಯಲ್ಲಿಯೇ ಗೊತ್ತುಮಾಡಿಕೊಳ್ಳಬೇಕು. ಹಾರ್ಡಂಗರ್‌ವಿಡ್ಡದ ನಡುಭಾಗ ಅಷ್ಟರಮಟ್ಟಿಗೆ ಅವನಿಗೆ ಅನುಕೂಲ. ಅಲ್ಲಿ ಬೇರೊಂದು ಮೋಸವುಂಟು: ವಿದ್ಯುತ್ತಿಗಾಗಿ ಕಟ್ಟೆ ಕಟ್ಟಿದ ಸರೋವರಗಳಲ್ಲಿ ಚಳಿಗಾಲವೆಲ್ಲ ನೀರನ್ನು ಹೊರಬಿಡುತ್ತಿರುವುದರಿಂದ ಮೇಲಿನ ಮಂಜುಗಡ್ಡೆ ಕುಸಿದು ದಡದ ಉದ್ದಕ್ಕೂ ಬಿರುಕುಬಿಡುತ್ತದೆ. ನಡುವೆ ಗಟ್ಟಿಯಾಗಿ ಕಾಣುವ ಸರೋವರ ಅಂಚಿನಲ್ಲಿ ನಂಬಿಕೆಗೆ ಯೋಗ್ಯವಲ್ಲ.

ದಿಕ್ಸೂಚಿಯ ಬಳಕೆಯಲ್ಲಿಯೂ ಒಂದು ಜಾಣತನವುಂಟು. ಹಿಮ ಮುಸುಕಿದ ಬಯಲಿನಲ್ಲಿ ಕುಟೀರದ ಕಡೆಗೇ ನೇರವಾಗಿ ಗುರಿಯಿಟ್ಟು ನಡೆದವನು ಅದನ್ನು ಐವತ್ತು ಮಾರಿನಿಂದ ತಪ್ಪಿಸಿಕೊಂಡರೂ, ಅದು ಬಲಕ್ಕಿದೆಯೋ ಎಡಕ್ಕಿದೆಯೋ ಎಂಬುದು ಅವನಿಗೆ ತಿಳಿಯುವ ಬಗೆಯಿಲ್ಲ. ಅದಕ್ಕಾಗಿ, ಕುಟೀರ ಸರೋವರದ ದಡದಲ್ಲಿದ್ದರೆ, ಬೇಕೆಂದೇ ಒಂದು ಪಕ್ಕಕ್ಕೆ ವಾಲಿಸಿ ಗುರಿಯಿಡುತ್ತಾರೆ; ದಡ ಸಿಕ್ಕಿದೊಡನೆ ಯಾವ ಕಡೆಗೆ ತಿರುಗಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಬೇಸಗೆಯ ದಾರಿಗಳಲ್ಲಿ ಕಲ್ಲುಗುಪ್ಪೆಗಳ ಮೇಲೆ ಬಳಿದಿರುವ ಕೆಂಪು ಟಿ ಅಕ್ಷರಗಳು ಚಳಿಗಾಲದಲ್ಲಿ ಹಿಮದಡಿ ಹೂತಿರುತ್ತವೆ. ಫೆಬ್ರವರಿಯ ಕೊನೆಯ ಹೊತ್ತಿಗೆ ಸ್ವಯಂಸೇವಕರು ಮುಖ್ಯ ಮಾರ್ಗಗಳ ಉದ್ದಕ್ಕೂ ಭೂರ್ಜದ ಕೊಂಬೆಗಳನ್ನೋ ಬಿದಿರುಕೋಲುಗಳನ್ನೋ ನೆಡುತ್ತಾರೆ; ಅದಕ್ಕೆ ಮುಂಚೆ ಹೊರಟವನಿಗೆ ನಕ್ಷೆಯೇ ಕಣ್ಣು. ಇನ್ನು ಬೆನ್ನಿನ ಚೀಲದಲ್ಲಿ ಉಣ್ಣೆಯ ಉಡುಪು, ಸಲಿಕೆ, ಗಾಳಿಯನ್ನು ತಡೆಯುವ ದೊಡ್ಡ ಗವಸಿನಂಥ ಚೀಲ, ಮಲಗುವ ಚೀಲ ಇವಿಷ್ಟು ಇದ್ದೇ ಇರಬೇಕು. ಕುಟೀರ ಸಿಗದೆಹೋದ ರಾತ್ರಿಯನ್ನು ಹಿಮದೊಳಗೆ ತೋಡಿಕೊಂಡು ಕಳೆಯಬಲ್ಲವನಷ್ಟೇ ಕುಟೀರವನ್ನು ನೆಚ್ಚಿ ಹೊರಡಲು ಅರ್ಹ. ಹಿಂದಿರುಗುವ ಹೊತ್ತನ್ನು ಬೆಳಗ್ಗೆಯೇ, ಮನಸ್ಸು ತಿಳಿಯಾಗಿರುವಾಗಲೇ, ನಿಶ್ಚಯಿಸಿಕೊಳ್ಳಬೇಕು. ಸಕಾಲದಲ್ಲಿ ಹಿಂದಿರುಗುವುದರಲ್ಲಿ ನಾಚಿಕೆಯಿಲ್ಲವೆಂಬ ಎಂಟನೆಯ ಸೂತ್ರ ಹಳೆಯ ಪಟ್ಟಿಯಲ್ಲಿಯೂ ಇತ್ತು, ಹೊಸದರಲ್ಲಿಯೂ ಇದೆ.

ಸಂಜೆಗೆ ಕುಟೀರ ಸಿಕ್ಕಿತೆನ್ನಿ. ಬಾಗಿಲನ್ನು ಹಿಮ ಅರ್ಧ ಮುಚ್ಚಿರುತ್ತದೆ. ಗೋಡೆಗೆ ತೂಗುಹಾಕಿರುವ ಸಲಿಕೆಯಿಂದ ಅದನ್ನು ಬಿಡಿಸಿ, ಕೀಲಿಕೈ ತಿರುವಿ ಒಳಹೊಕ್ಕರೆ ಅಲ್ಲಿಯೂ ಹೊರಗಿನಷ್ಟೇ ಚಳಿ. ಗಾಳಿಯೊಂದು ಮಾತ್ರ ಇಲ್ಲ. ದಿನವಿಡೀ ಕಿವಿಯಲ್ಲಿ ಮೊರೆದ ಗಾಳಿ ಬಾಗಿಲು ಮುಚ್ಚಿದೊಡನೆ ಹೊರಗೆ ಉಳಿಯುವ ಆ ಒಂದು ಕ್ಷಣಕ್ಕಾಗಿಯೇ ಈ ಪ್ರಯಾಸವೆಲ್ಲ ಸಾರ್ಥಕವೆಂದು ಹೇಳುವವರುಂಟು. ಎರಕದ ಕಬ್ಬಿಣದ ಒಲೆಯ ಪಕ್ಕದ ಪೆಟ್ಟಿಗೆಯಲ್ಲಿ ಸಣ್ಣಗೆ ಸೀಳಿದ ಪುಳ್ಳೆಗಳೂ ದಪ್ಪ ಕೊರಡುಗಳೂ ಸಿದ್ಧವಾಗಿರುತ್ತವೆ. ಸೌದೆ ಹೆಚ್ಚಾಗಿ ಭೂರ್ಜದ್ದು; ನಮ್ಮ ಪೂರ್ವಿಕರು ಗ್ರಂಥ ಬರೆಯಲು ಬಳಸಿದ ಹಿಮಾಲಯದ ಭೂರ್ಜಪತ್ರದ ಮರಕ್ಕೆ ಇದು ಹತ್ತಿರದ ಬಂಧು. ಆ ಬಿಳಿಯ ತೊಗಟೆಯಲ್ಲಿ ಎಣ್ಣೆಯಂಥ ಅಂಶವಿರುವುದರಿಂದ, ಬೆರಳಗಲ ಸುಲಿದು ಕಡ್ಡಿ ಗೀರಿದರೆ ಹಸಿಯಾಗಿದ್ದರೂ ಕಪ್ಪುಹೊಗೆಯೆಬ್ಬಿಸುತ್ತ ಹತ್ತಿಕೊಳ್ಳುತ್ತದೆ. ಮರಗಟ್ಟಿದ ಬೆರಳುಗಳಿಂದ ಕಡ್ಡಿ ಗೀರುವವನಿಗೆ ಇದು ಸಣ್ಣ ಉಪಕಾರವಲ್ಲ.

ನೀರಿನ ಕೆಲಸ ಅದಕ್ಕಿಂತ ದೀರ್ಘ. ನಲ್ಲಿಯಿಲ್ಲ, ತೊರೆ ಹೆಪ್ಪುಗಟ್ಟಿದೆ, ಹಿಮವನ್ನೇ ಕರಗಿಸಬೇಕು. ಒಂದು ಗ್ರಾಂ ಹಿಮ ಸೊನ್ನೆ ಡಿಗ್ರಿಯ ನೀರಾಗಿ ಬದಲಾಗುವುದಕ್ಕೇ 80 ಕ್ಯಾಲೊರಿ ಶಾಖ ಬೇಕು. ಆ ನೀರು ಕುದಿಯುವ ಮಟ್ಟಕ್ಕೇರಲು ಇನ್ನು 100. ಅಂದರೆ, ಒಂದು ಲೋಟ ಬಿಸಿನೀರಿಗಾಗಿ ಉರಿಸಿದ ಸೌದೆಯಲ್ಲಿ ಹೆಚ್ಚುಕಡಿಮೆ ಅರ್ಧ ಬರಿಯ ಕರಗಿಸುವುದಕ್ಕೇ ವೆಚ್ಚವಾಗುತ್ತದೆ. ಹೊಸದಾಗಿ ಬಿದ್ದ ಹಗುರ ಹಿಮ ಬಕೆಟ್ಟಿನ ತುಂಬ ತಂದರೆ ದೊರೆಯುವ ನೀರು ಸುಮಾರು ಹತ್ತರಲ್ಲೊಂದು ಪಾಲು. ಆದುದರಿಂದ ಬಲ್ಲವರು ಗಾಳಿ ಬಡಿದು ಗಟ್ಟಿಯಾದ ಪದರವನ್ನು ಸಲಿಕೆಯಿಂದ ಇಟ್ಟಿಗೆಯಂತೆ ಕತ್ತರಿಸಿ ತರುತ್ತಾರೆ. ಪಾತ್ರೆಯ ತಳದಲ್ಲಿ ಮೊದಲು ಸ್ವಲ್ಪ ನೀರಿರಲೇಬೇಕು. ಬರಿಯ ಒಣ ಹಿಮವನ್ನು ಒತ್ತಿ ತುಂಬಿ ಒಲೆಗಿಟ್ಟರೆ ತಳದಲ್ಲಿ ಕರಗಿದ ಚೂರು ನೀರನ್ನು ಮೇಲಿನ ಹಿಮ ಹೀರಿಕೊಂಡು ಪಾತ್ರೆ ಸೀಯುತ್ತದೆ, ನೀರಿಗೂ ಸೀಕಲು ವಾಸನೆ ಹತ್ತುತ್ತದೆ. ಈ ಕಾರ್ಯಕ್ರಮ ಮುಗಿಯುವಷ್ಟರಲ್ಲಿ ಒಂದು ಗಂಟೆ ಸರಿದುಹೋಗಿ ಕೋಣೆಯೂ ಒಂದಿಷ್ಟು ಬೆಚ್ಚಗಾಗಿರುತ್ತದೆ. ಕಿಟಕಿಯ ಬಳಿಯ ಗಾಳಿಕಿಂಡಿಯನ್ನು ಮುಚ್ಚಬಾರದೆಂಬ ಎಚ್ಚರವಂತೂ ಸದಾ ಇರಬೇಕು. ಬಿಗಿಯಾಗಿ ಮುಚ್ಚಿದ ಕೋಣೆಯಲ್ಲಿ ಉರಿಯುವ ಬೆಂಕಿಯಿಂದ ಹೊಮ್ಮುವ ಇಂಗಾಲದ ಮಾನಾಕ್ಸೈಡು ಬಣ್ಣವೂ ವಾಸನೆಯೂ ಇಲ್ಲದೆ ಕೊಲ್ಲುವಂಥದು, ಎಚ್ಚರಿಸಲು ಜೊತೆಗಾರನೂ ಅಲ್ಲಿಲ್ಲ.

ಪಕ್ಕದ ಉಗ್ರಾಣದ ಕಪಾಟಿನಲ್ಲಿ ಓಟ್ಸ್, ಒಣರೊಟ್ಟಿ, ಡಬ್ಬಿಯಲ್ಲಿಟ್ಟ ಮಾಂಸ ಮತ್ತು ಹಣ್ಣು, ಸೂಪಿನ ಪುಡಿ, ಕಾಫಿ, ಸಕ್ಕರೆ ಸಾಲಾಗಿರುತ್ತವೆ. ಗೋಡೆಯ ಮೇಲೆ ಬೆಲೆಪಟ್ಟಿ. ಬೇಕಾದುದನ್ನು ತೆಗೆದುಕೊಂಡವನು ಲೆಕ್ಕವನ್ನು ತಾನೇ ಬರೆದು, ತಂಗಿದ ಬಾಡಿಗೆಯನ್ನೂ ಕೂಡಿಸಿ, ಹಾಳೆಯನ್ನು ಪೆಟ್ಟಿಗೆಗೆ ಹಾಕುವುದು ಹಳೆಯ ಕ್ರಮ. ಈಚೆಗೆ ಊರಿಗೆ ಮರಳಿದ ಮೇಲೆ ಫೋನಿನ ಮೂಲಕ ಸಲ್ಲಿಸುವುದೂ ಉಂಟು. ನೋಡುವವರು ಯಾರೂ ಇಲ್ಲ. ಮೇಜಿನ ಮೇಲಿನ ದಪ್ಪ ಪುಸ್ತಕದಲ್ಲಿ ಹೆಸರು, ಬಂದ ದಾರಿ, ನಾಳೆ ಹೋಗಲಿರುವ ದಾರಿ ಇವುಗಳನ್ನು ಬರೆಯುವುದು ಒಳಹೊಕ್ಕವನ ಮೊದಲ ಕರ್ತವ್ಯ. ಹಣದ ಲೆಕ್ಕಕ್ಕಿಂತ ಈ ಬರಹವೇ ದೊಡ್ಡದು. ಯಾವನಾದರೂ ಕಾಣೆಯಾದಾಗ ಹುಡುಕುವವರು ಕುಟೀರದಿಂದ ಕುಟೀರಕ್ಕೆ ಹೋಗಿ ಮೊದಲು ತೆರೆದು ನೋಡುವುದು ಈ ಪುಸ್ತಕವನ್ನೇ. ಮನೆಯಲ್ಲಿ ತಿಳಿಸಿ ಬಂದ ಮಾತು ಮತ್ತು ಇಲ್ಲಿ ಬರೆದ ಸಾಲು, ಇವೆರಡರ ನಡುವಣ ನೂಲನ್ನು ಹಿಡಿದೇ ಒಂಟಿ ಯಾತ್ರಿಕ ನಡೆಯುತ್ತಿರುತ್ತಾನೆ.

ಆ ಕಪಾಟನ್ನು ತುಂಬಿದವರು ಯಾರು, ಸೌದೆಯನ್ನು ಸೀಳಿದವರು ಯಾರು? ಮರವೇ ಬೆಳೆಯದ ಆ ಎತ್ತರಕ್ಕೆ ಸೌದೆಯೂ ದಿನಸಿಯೂ ಚಳಿಗಾಲದ ಕೊನೆಯಲ್ಲಿ, ಹಿಮ ಗಟ್ಟಿಯಾಗಿರುವಾಗ, ಯಂತ್ರದ ಜಾರುಬಂಡಿಗಳ ಮೇಲೆ ಬರುತ್ತವೆ. ಹೊರುವ, ಒಟ್ಟುವ, ಸೂರು ರಿಪೇರಿ ಮಾಡುವ ಕೆಲಸದಲ್ಲಿ ಬಹುಪಾಲು ಸ್ಥಳೀಯ ಸಂಘಗಳ ಸದಸ್ಯರು ರಜಾದಿನಗಳಲ್ಲಿ ಕೂಲಿಯಿಲ್ಲದೆ ನಡೆಸುವಂಥದು. ನಮ್ಮಲ್ಲಿ ಬೇಸಗೆಯ ದಾರಿಬದಿಯಲ್ಲಿ ಅರವಟ್ಟಿಗೆಯಿಟ್ಟವನು ನೀರು ಕುಡಿದವನ ಮುಖವನ್ನು ನೋಡದಿರುವಂತೆ, ಇವರೂ ತಾವು ಸೀಳಿದ ಕೊರಡಿನಿಂದ ಬೆಚ್ಚಗಾದವನನ್ನು ಎಂದೂ ಕಾಣುವುದಿಲ್ಲ. ಏಕಾಂತವನ್ನು ಅರಸಿ ಬಂದವನಿಗೆ ಆ ಏಕಾಂತ ಸಹ್ಯವಾಗುವುದು ಈ ಅಪರಿಚಿತರ ಕೈಗಳಿಂದ. ದಾರಿಯಲ್ಲಿ ತನ್ನ ಬಲವೊಂದನ್ನೇ ನೆಚ್ಚಿದ್ದೆನೆಂದು ಭಾವಿಸುವ ಸ್ಕೀಯಾಳು ಒಲೆಯ ಮುಂದೆ ಕುಳಿತಾಗಲಾದರೂ ಇದನ್ನು ನೆನೆಯಬೇಕು. ನೆನೆಯದವನಿಗೆ ಆ ರಾತ್ರಿಯ ಅರ್ಧ ಸುಖ ತಪ್ಪಿಹೋಯಿತೆಂದೇ ನನ್ನ ಅಭಿಪ್ರಾಯ.

ಇಂಥ ಕುಟೀರಗಳು ಪ್ರಾಣ ಉಳಿಸಿದುದಕ್ಕೆ ಯುದ್ಧಕಾಲದ ಒಂದು ವೃತ್ತಾಂತವುಂಟು. ಜರ್ಮನರ ವಶದಲ್ಲಿದ್ದ ವೆಮೋರ್ಕಿನ ಭಾರಜಲ ಕಾರ್ಖಾನೆಯ ಮೇಲಣ ದಾಳಿಗೆ ನೆಲ ಸಿದ್ಧಪಡಿಸಲು 1942ರ ಅಕ್ಟೋಬರಿನಲ್ಲಿ ನಾಲ್ವರು ನಾರ್ವೆಯನ್ನರು ಧುಮುಕುಕೊಡೆಗಳಲ್ಲಿ ಇಳಿದರು. ನವೆಂಬರಿನಲ್ಲಿ ಬ್ರಿಟಿಷರ ಮೊದಲ ಯತ್ನ ದುರಂತದಲ್ಲಿ ಕೊನೆಗೊಂಡುದರಿಂದ ಅವರು ತಿಂಗಳುಗಟ್ಟಲೆ ಹಾರ್ಡಂಗರ್‌ವಿಡ್ಡದ ಬೇಟೆಗುಡಿಸಲುಗಳಲ್ಲಿ ಅಡಗಿರಬೇಕಾಯಿತು. ಬೇರೇನೂ ಇಲ್ಲದೆ ಹಿಮಸಾರಂಗಗಳು ತಿನ್ನುವ ಕಲ್ಲುಹೂವನ್ನು ಬೇಯಿಸಿ ತಿಂದರು. ಕ್ರಿಸ್ಮಸ್ಸಿಗೆ ತುಸು ಮುಂಚೆ ಒಂದು ಹಿಮಸಾರಂಗ ಗುಂಡಿಗೆ ಸಿಕ್ಕಿದ ಮೇಲೆ ಚೇತರಿಸಿಕೊಂಡರು. 1943ರ ಫೆಬ್ರವರಿ ಕೊನೆಯಲ್ಲಿ ಕಾರ್ಖಾನೆಯ ಭಾರಜಲ ಘಟಕ ಸ್ಫೋಟಗೊಂಡಿತು. ನಾಲ್ವರಲ್ಲೊಬ್ಬನಾದ ಕ್ಲಾಸ್ ಹೆಲ್ಬರ್ಗ್ ಮಾರ್ಚಿನಲ್ಲಿ ಒಬ್ಬನೇ ಪ್ರಸ್ಥಭೂಮಿಯ ಕುಟೀರವೊಂದಕ್ಕೆ ಮರಳಿದಾಗ ಒಳಗೆಲ್ಲ ಚೆಲ್ಲಾಪಿಲ್ಲಿಯಾಗಿತ್ತು; ಹೊರಗೆ ಜರ್ಮನ್ ಸೈನಿಕರು ಸ್ಕೀ ಮೇಲೆ ಅವನತ್ತಲೇ ಬರುತ್ತಿದ್ದರು. ಗಂಟೆಗಳ ಬೆನ್ನಟ್ಟುವಿಕೆಯಲ್ಲಿ ಉಳಿದ ಸೈನಿಕರು ಹಿಂದೆಬಿದ್ದು, ಬೆನ್ನಟ್ಟಿದವರಲ್ಲಿ ಒಬ್ಬನೇ ಉಳಿದನು. ಪಿಸ್ತೂಲುಗಳ ಆ ದ್ವಂದ್ವದಲ್ಲಿ ಎದುರಾಳಿ ಗುಂಡುಗಳನ್ನೆಲ್ಲ ಮುಗಿಸುವವರೆಗೆ ಕಾದು ನಿಂತ ಹೆಲ್ಬರ್ಗ್ ಗೆದ್ದನು. ಅದೇ ರಾತ್ರಿ ಕತ್ತಲಲ್ಲಿ ಬಂಡೆಯಂಚಿನಿಂದ ಬಿದ್ದು ತೋಳು ಮುರಿದುಕೊಂಡರೂ ಬದುಕಿದನು. ಯುದ್ಧ ಮುಗಿದ ಮೇಲೆ ಆತ ದೀರ್ಘಕಾಲ ಸೇವೆ ಸಲ್ಲಿಸಿದುದು ಪ್ರವಾಸಿ ಸಂಘದಲ್ಲಿಯೇ. ಪರ್ವತದ ದಾರಿಗಳಲ್ಲಿ ಜನರನ್ನು ನಡೆಸುವ ಕೆಲಸ ಅವನ ಜೀವನವಾಯಿತು.

ಬೆಳಗಾದ ಮೇಲೆ ಯಾತ್ರಿಕನ ಪಾಲಿನ ಕೆಲಸ ಮೊದಲಾಗುತ್ತದೆ. ತಾನು ಸುಟ್ಟಷ್ಟು ಸೌದೆಯನ್ನು ಕೊಟ್ಟಿಗೆಯಿಂದ ತಂದು, ಪುಳ್ಳೆ ಸೀಳಿ ಪೆಟ್ಟಿಗೆ ತುಂಬಬೇಕು. ಬೂದಿಯನ್ನು ಲೋಹದ ಡಬ್ಬಿಗೆ ಸುರಿಯಬೇಕು. ಪಾತ್ರೆ ತೊಳೆದು, ನೆಲ ಒರೆಸಿ, ಉಳಿದ ನೀರನ್ನು ಚೆಲ್ಲಬೇಕು. ಕಿಟಕಿ ಬಾಗಿಲುಗಳನ್ನು ಒತ್ತಿ ನೋಡಿ ಭದ್ರಪಡಿಸಬೇಕು. ಕೂದಲೆಳೆಯಷ್ಟು ಸಂದು ಉಳಿದರೂ ಒಂದು ಬಿರುಗಾಳಿಯ ರಾತ್ರಿಯಲ್ಲಿ ಕೋಣೆಯ ತುಂಬ ಹಿಮ ತೂರಿ ತುಂಬುತ್ತದೆ. ಹವೆ ಕೆಟ್ಟಿದ್ದರೆ ಹೊರಡದೆ ಇನ್ನೊಂದು ದಿನ ಅಲ್ಲಿಯೇ ಕಳೆಯುವುದು ಒಳ್ಳೆಯದು. ಕಪಾಟಿನ ದಿನಸಿ ಇರುವುದು ಅದಕ್ಕಾಗಿಯೇ.

ಈ ಯಾತ್ರೆಯನ್ನು ಮನಸ್ಸಿನಲ್ಲಿ ಇರಿಸಿಕೊಂಡವರು, ಓಸ್ಲೊವಿನಲ್ಲಿಯೋ ಬರ್ಗೆನ್ನಿನಲ್ಲಿಯೋ ನೆಲೆಸಿರುವ ನಮ್ಮವರೂ ಸೇರಿದಂತೆ, ಮೊದಲ ಚಳಿಗಾಲದಲ್ಲಿ ಒಂಟಿಯಾಗಿ ಹೊರಡಬಾರದು. ಅನುಭವಸ್ಥರೊಡನೆ, ಮೇಲ್ವಿಚಾರಕರಿರುವ ದೊಡ್ಡ ಕುಟೀರಗಳಿಗೆ ಒಂದೆರಡು ಸಲ ಹೋಗಿ, ಹಿಮದಲ್ಲಿ ತೋಡಿಕೊಳ್ಳುವುದನ್ನೂ ದಿಕ್ಸೂಚಿ ಹಿಡಿದು ನಡೆಯುವುದನ್ನೂ ಕೈಗೂಡಿಸಿಕೊಂಡ ಅನಂತರ, ಹತ್ತಿರದ ಒಂದು ಕುಟೀರವನ್ನು ಆರಿಸಿಕೊಳ್ಳಬಹುದು. ಹಿಮಸಾರಂಗಗಳು ಮರಿಹಾಕುವ ವಸಂತದ ದಿನಗಳಲ್ಲಿ ಕೆಲವು ಕುಟೀರಗಳನ್ನು ಮುಚ್ಚಿರುತ್ತಾರೆ; ಆ ಪ್ರಾಣಿಗಳ ನೆಮ್ಮದಿಗಾಗಿ ಮಾಡಿರುವ ಈ ನಿಯಮವನ್ನು ಮನಃಪೂರ್ವಕವಾಗಿ ಪಾಲಿಸಬೇಕು. ಕೋಲು ನೆಟ್ಟ ದಾರಿಗಳು, ಉದ್ದವಾದ ಹಗಲು, ಗಟ್ಟಿಯಾದ ಹಿಮ ಈ ಮೂರೂ ಒಟ್ಟಿಗೆ ದೊರೆಯುವುದು ಮಾರ್ಚ್ ಮೊದಲಿನಿಂದ ಈಸ್ಟರಿನವರೆಗೆ. ಈಸ್ಟರ್ ಹಬ್ಬ ಮಾರ್ಚ್ 22ರಿಂದ ಏಪ್ರಿಲ್ 25ರ ನಡುವೆ ವರ್ಷವರ್ಷವೂ ಸ್ಥಳ ಬದಲಿಸುತ್ತದೆ. ಹಬ್ಬ ಕಳೆದ ಮೇಲೆ ಬಹಳಷ್ಟು ಮಾರ್ಗಗಳ ಕೋಲುಗಳನ್ನು ಕಿತ್ತುಬಿಡುವುದರಿಂದ, ರಜೆ ಬೇಡುವುದಕ್ಕೆ ಮುಂಚೆ ಆ ವರ್ಷದ ಕ್ಯಾಲೆಂಡರನ್ನು ನೋಡಿಕೊಳ್ಳಬೇಕು.